ಬಾಗಿಲ ಚಾಪೆಯವರೆಗೆ

ಒಣದ್ರಾಕ್ಷಿ ಕುದಿಯುವ ವಾಸನೆ ಬೆಲ್ಲದ ಪಾಕದ ಹಾಗಿರುವುದಿಲ್ಲ. ಅದರಲ್ಲಿ ಒಂದಿಷ್ಟು ಹುಳಿ, ಒಂದಿಷ್ಟು ಕಮಟು ಇರುತ್ತದೆ. ಕಳೆದ ತಿಂಗಳು ಪರೀಕ್ಷೆಯ ಕೆಲಸಕ್ಕೆಂದು ಶಹಾಪುರಕ್ಕೆ ಹೋದವನು ಶನಿವಾರ ಸಂಜೆ ಸುವಾರ್ತಾಳ ಮನೆಯ ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತಿದ್ದಾಗ ಆ ವಾಸನೆ ಬಂತು. ಬಿಟ್ಟ ಚಪ್ಪಲಿ ಮತ್ತೆ ಮೆಟ್ಟಿಕೊಂಡು ಹೋಗಿಬಿಡೋಣ ಅನ್ನಿಸಿತು.

“ಬರ್ರಿ ಅಣ್ಣ, ಒಳಗ ಬರ್ರಿ. ನಾಳಿ ಕರ್ತನ ಭೋಜನ ಅದ, ರಸ ಕಾಸಾಕತ್ತೇನಿ. ಇವರೂ ಈಗ ಬರ್ತಾರ,” ಎಂದಳು ಸುವಾರ್ತಾ, ಕೈಯಲ್ಲಿ ಸೌಟು ಹಿಡಿದುಕೊಂಡೇ.

ಅಣ್ಣ. ಮೊದಲಿನಿಂದಲೂ ಅವಳು ನನ್ನನ್ನು ಹಾಗೆಯೇ ಕರೆದದ್ದು. ಅನ್ನದಲ್ಲಿ ಸಿಕ್ಕ ಹರಳಿನ ಹಾಗೆ ಆ ಶಬ್ದ ಇವತ್ತಿಗೂ ನನ್ನ ಹಲ್ಲಿಗೆ ಸಿಗುತ್ತದೆ.

ತಿಂಗಳ ಮೊದಲ ಭಾನುವಾರ ನಮ್ಮ ಸಭೆಗಳಲ್ಲಿ ರೊಟ್ಟಿಯ ಚೂರು ಮತ್ತು ದ್ರಾಕ್ಷಾರಸ ಕೊಡುತ್ತಾರೆ. ಅಪ್ಪ ಸುರಪುರದ ಪಕ್ಕದ ರಂಗಂಪೇಟೆಯಲ್ಲಿ ಪಾಸ್ಟರ್ ಆಗಿದ್ದಾಗ, ಅಮಲಿನ ಸೋಂಕೂ ಬೇಡವೆಂದು, ಅವ್ವ ಹಿಂದಿನ ದಿನವೇ ಒಣದ್ರಾಕ್ಷಿ ಕುದಿಸಿ, ಹಿಂಡಿ, ಸೋಸಿ ಇಡುತ್ತಿದ್ದಳು. ಈಗ ಅವ್ವ ಇಲ್ಲ, ಅಪ್ಪನೂ ಇಲ್ಲ. ನಾನು ಕಲಬುರಗಿಯಲ್ಲಿ ತತ್ವಶಾಸ್ತ್ರ ಕಲಿಸುತ್ತೇನೆ. ನಿಮ್ಮ ನೆನಪನ್ನು ನಂಬಬೇಡಿ ಎಂದು ಹುಡುಗರಿಗೆ ಪ್ರತಿ ವರ್ಷ ಹೇಳುತ್ತೇನೆ. ರಂಗಂಪೇಟೆಯ ಆ ಒಂದು ಚಳಿಗಾಲವನ್ನು ಮಾತ್ರ ಆ ಎಚ್ಚರಿಕೆಯಿಂದ ಹೊರಗಿಟ್ಟಿದ್ದೆ. ಅದು ನನಗೆ ಸ್ಪಷ್ಟವಾಗಿ ನೆನಪಿತ್ತು. ಹೊಟ್ಟೆಕಿಚ್ಚು ಕಾಯಿಸಿ ಒತ್ತಿದ ಮುದ್ರೆ ಬೇಗ ಅಳಿಯುವುದಿಲ್ಲ ಎಂದುಕೊಂಡಿದ್ದೆ.

ಧಾರವಾಡದಲ್ಲಿ ಎಂ.ಎ. ಮುಗಿಸಿ, ನೌಕರಿಯಿಲ್ಲದೆ, ಒಂದು ಚೀಲ ಪುಸ್ತಕ ಮತ್ತು ದೇವರಿಲ್ಲ ಎಂಬ ಹೊಸ ಖಾತ್ರಿಯೊಂದಿಗೆ ನಾನು ಮನೆಗೆ ಬಂದ ವರ್ಷ ಅದು. ಬಂದ ದಿನವೇ ಅಪ್ಪನಿಗೆ ಅದನ್ನು ಹೇಳಿದೆ. ದೊಡ್ಡ ಜಗಳಕ್ಕೆ ತಯಾರಾಗಿದ್ದೆ. ಅಪ್ಪ, “ಆತು, ಉಂಡು ಮಲಕೋ,” ಅಂದರು. ನನಗೆ ಆ ಉತ್ತರವನ್ನು ಕ್ಷಮಿಸಲಾಗಲಿಲ್ಲ.

ತೊಗರಿ ಕೊಯ್ಲಿನ ದಿನಗಳು. ಸುರಪುರದ ಬಂಡೆಗುಡ್ಡಗಳು ಹಗಲೆಲ್ಲ ಕಾದು, ಹೊತ್ತು ಇಳಿದ ಕೂಡಲೇ ತಣ್ಣಗಾಗುತ್ತಿದ್ದವು. ಓಣಿಯ ಒಲೆಗಳಲ್ಲಿ ಹಸಿ ತೊಗರಿಕಟ್ಟಿಗೆಯ ಹೊಗೆ ಕಣ್ಣಿಗೆ ಇಳಿಯುತ್ತಿತ್ತು. ಅಂಥ ಒಂದು ಬೆಳಿಗ್ಗೆ ಸುರಪುರದ ಇಳಿಜಾರಿನಲ್ಲಿ ಸ್ಕೂಟರ್ ಜಾರಿ ಅಪ್ಪನ ಬಲಗೈ ಮುರಿಯಿತು. ಅಂಗೈಯಿಂದ ಮೊಣಕೈ ಮೇಲಿನವರೆಗೆ ಪ್ಲಾಸ್ಟರ್, ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆ. ಅಪ್ಪನ ಮೈಮೇಲೆ ನೀರು ಹಾಕುವುದು, ಅಂಗಿಯ ಗುಂಡಿ ಹಾಕುವುದು, ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿಕೊಡುವುದು, ಎಲ್ಲ ನನ್ನ ಪಾಲಿಗೆ ಬಂತು. ಭಾನುವಾರದ ತಟ್ಟೆಯೂ ಬಂತು. ರೊಟ್ಟಿಯ ಚೂರು, ಸಣ್ಣ ಬಟ್ಟಲುಗಳು ಎಲ್ಲ ಇಡುವ ಹಿತ್ತಾಳೆಯ ಆ ತಟ್ಟೆ ಎರಡು ಕೈ ಬೇಡುವಷ್ಟು ಭಾರದ್ದು. ಅದನ್ನು ಹಿಡಿದು ನಾನು ಪಕ್ಕದಲ್ಲಿ ನಡೆಯಬೇಕು, ಅಪ್ಪ ಎಡಗೈಯಿಂದ ಒಬ್ಬೊಬ್ಬರಿಗೆ ಎತ್ತಿ ಕೊಡಬೇಕು.

“ನಂಬಿಕಿ ಇಲ್ಲದಾವ ನಾನು. ಹಿರಿಯರಿಗೆ ಹೇಳ್ರಿ,” ಅಂದೆ.

“ತಟ್ಟಿ ಹಿಡಿಯಾಕ ಕೈ ಇದ್ರ ಸಾಕು.”

ಆ ಸಭೆಗೆ ಒಂದು ಹಳೆಯ ಕಟ್ಟಳೆ ಇತ್ತು. ದೇವರ ಆಜ್ಞೆಯನ್ನು ಎಲ್ಲರಿಗೂ ತಿಳಿಯುವಂತೆ ಮುರಿದವರು ಜಮಖಾನೆಯ ಮೇಲೆ ಕೂರುವಂತಿಲ್ಲ. ಬಾಗಿಲ ಪಕ್ಕದಲ್ಲಿ ಈಚಲ ಚಾಪೆಯೊಂದು ಹಾಸಿರುತ್ತಿತ್ತು, ಅಲ್ಲಿ ಕೂರಬೇಕು. ಹಾಡಬಹುದು, ಪ್ರಾರ್ಥನೆ ಮಾಡಬಹುದು. ರೊಟ್ಟಿ, ರಸ ಮಾತ್ರ ಇಲ್ಲ. ಎಲ್ಲರ ಮುಂದೆ ನಿಂತು ತಪ್ಪಾಯಿತು ಎಂದ ಮೇಲೆಯೇ ಒಳಗೆ. ಅಲ್ಲಿಯವರೆಗೆ ಅವರಿಗೆ ಸಭೆಯಲ್ಲಿ ಮದುವೆಯನ್ನೂ ಮಾಡುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಚಾಪೆಯ ಮೇಲೆ ಒಬ್ಬನೇ ಕೂರುತ್ತಿದ್ದವನು ಪ್ರಭುದಾಸ. ಹತ್ತಿ ಸಾಗಿಸುವ ಲಾರಿಯ ಡ್ರೈವರ್. ಅವನನ್ನು ಸಾಕಿದ ಅಜ್ಜಿ ಕೊಡೇಕಲ್ ಕಡೆಯ ಹಳ್ಳಿಯವಳು, ಕೊನೆಯವರೆಗೂ ನಮ್ಮ ಸಭೆಗೆ ಸೇರದೆ ತನ್ನ ದೇವತೆಯನ್ನೇ ನಂಬಿದವಳು. ಹಾಸಿಗೆ ಹಿಡಿದಾಗ, ಮೊಮ್ಮಗ ಕೂಸಿದ್ದಾಗ ಕಾಯಿಲೆ ಬಿದ್ದುದಕ್ಕೆ ತಾನು ಹೊತ್ತ ಹರಕೆ ಇನ್ನೂ ಉಳಿದಿದೆ ಎಂದು ಅತ್ತಳಂತೆ. ಪ್ರಭು ಆಡಿನ ಮರಿಯೊಂದನ್ನು ಲಾರಿಯಲ್ಲಿ ಹಾಕಿಕೊಂಡು ಹೋಗಿ, ಅವಳ ದೇವತೆಗೆ ಒಪ್ಪಿಸಿ, ಹಣೆಗೆ ಭಂಡಾರದ ಅರಿಶಿನ ಹಚ್ಚಿಕೊಂಡು ಬಂದು ಅವಳಿಗೆ ತೋರಿಸಿದ. ಅಜ್ಜಿ ನೆಮ್ಮದಿಯಿಂದ ಕಣ್ಣು ಮುಚ್ಚಿದಳು. ಹಣೆಯ ಭಂಡಾರ ಮಾತ್ರ ಸಭೆಯವರ ಕಣ್ಣಿಗೆ ಬಿತ್ತು.

ಹಿರಿಯರು ಕರೆಸಿ ಕೇಳಿದಾಗ ಅವನು ಹೇಳಿದ್ದನ್ನು ನಾನು ಕಿಟಕಿಯ ಹೊರಗೆ ನಿಂತು ಕೇಳಿದ್ದೆ. “ನನಗೂ ಈ ಮನಿ ಬಿಟ್ಟರ ಬ್ಯಾರೆ ಮನಿ ಇಲ್ರಿ. ಆದ್ರ ಅಜ್ಜಿ ಕೇಳಿದ್ಲು, ಮಾಡಿದೆ. ತಪ್ಪಂತ ಅನ್ನಾಕ ಬಾಯಿ ಬರವಲ್ದು. ಚಾಪಿ ಮ್ಯಾಲ ಕುಂದ್ರು ಅಂದ್ರ ಕುಂದರ್ತೀನಿ.”

ಹಾಗೆ ಹೇಳಿದವನನ್ನು ನಾನು, ದೇವರಿಲ್ಲವೆನ್ನುವವನು, ಮೆಚ್ಚಬೇಕಿತ್ತು. ಸುವಾರ್ತಾ ಇರದಿದ್ದರೆ ಮೆಚ್ಚುತ್ತಿದ್ದೆನೇನೋ.

ಸುವಾರ್ತಾ ಸಭೆಯ ಹಿರಿಯ ಸಮುವೇಲಪ್ಪನವರ ಮಗಳು. ಸಮುವೇಲಪ್ಪನವರಿಗೆ ರಂಗಂಪೇಟೆಯಲ್ಲಿ ಬಟ್ಟೆ ಹೊಲಿಯುವ ಅಂಗಡಿ. ಮಗಳಿಗೆ ಪ್ರಭುವಿನ ಮೇಲೆ ಮನಸ್ಸಿದೆ ಎಂಬುದು ಅವರಿಗೆ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಅವರೊಂದು ಗಡುವು ಹಾಕಿದ್ದರು. ಬೆಳೆಯ ಮೊದಲ ಪಾಲನ್ನು ಸಭೆಗೆ ಒಪ್ಪಿಸುವ ಸುಗ್ಗಿ ಕಾಣಿಕೆಯ ಭಾನುವಾರದೊಳಗೆ ಪ್ರಭು ಚಾಪೆ ಬಿಟ್ಟು ಒಳಗೆ ಬಂದರೆ ಸರಿ. ಬರದಿದ್ದರೆ ಮಗಳನ್ನು ಬೇರೆ ಕಡೆ ಕೊಡುವುದು. ಆ ಬೇರೆ ಕಡೆ ಎಂದರೆ ನಮ್ಮ ಮನೆ. ಅವ್ವನ ಹತ್ತಿರ ಮಾತೂ ಎತ್ತಿದ್ದರು.

ಅಂದಿನಿಂದ ಆ ಕಟ್ಟಳೆಗೆ ನನ್ನಷ್ಟು ನಿಷ್ಠೆಯ ವಕೀಲ ಸಿಕ್ಕಿರಲಿಕ್ಕಿಲ್ಲ. ಸಮುವೇಲಪ್ಪನವರ ಅಂಗಡಿಯ ಬೆಂಚಿನ ಮೇಲೆ ಕೂತು, ಒಬ್ಬನಿಗೆ ಸಡಿಲಿಸಿದ ನಿಯಮ ಎಲ್ಲರಿಗೂ ಸತ್ತ ಹಾಗೆ ಎಂದು ನಾನು ಓದಿದ್ದನ್ನೆಲ್ಲ ಸೇರಿಸಿ ವಿವರಿಸುತ್ತಿದ್ದೆ. ಅವರು ಹೊಲಿಗೆ ಯಂತ್ರ ನಿಲ್ಲಿಸಿ, ಬಾಯಲ್ಲಿದ್ದ ದಾರ ತೆಗೆದು, “ಕಲಿತಾವ ಹೇಳಾಕತ್ಯಾನ ಅಂದ್ರ ಖರೇನ ಇರಬೇಕು,” ಅನ್ನುತ್ತಿದ್ದರು. ಮನೆಗೆ ಬಂದು ಅಪ್ಪನ ಅಂಗಿಯ ಗುಂಡಿ ಹಾಕುತ್ತ ಅದೇ ವಾದವನ್ನು ಅವರ ಮೇಲೂ ಹೂಡುತ್ತಿದ್ದೆ.

“ಧರ್ಮಶಾಸ್ತ್ರ ಅಂದ್ರ ಧರ್ಮಶಾಸ್ತ್ರ ಅಪ್ಪ. ಹತ್ತು ಆಜ್ಞಾದಾಗ, ಬ್ಯಾರೆ ದೇವರು ಇರಬಾರ್ದು ಅನ್ನೂ ಮೊದಲನೇದ್ದೇ ಮುರದಾನ ಅವ. ಅದಕ್ಕೂ ಮಾಫಿ ಅಂದ್ರ ಆಜ್ಞಾ ಯಾಕ ಬೇಕು?”

“ಮಾಫಿ ಬ್ಯಾರೆ, ಕೃಪಾ ಬ್ಯಾರೆ. ಕೇಳಿದ ಮ್ಯಾಲ ಸಿಗೂದು ಮಾಫಿ. ಕೇಳೂಕಿಂತ ಮೊದ್ಲ ಬರೂದು ಕೃಪಾ.”

“ಹಂಗಾದ್ರ ಚಾಪಿ ಎತ್ತಿಬಿಡ್ರಿ.”

“ಎತ್ತಾಕ ಬರೂದಿಲ್ಲ. ಕಾಯ್ದಾ ಇಲ್ಲಂದ್ರ ಕೃಪಾ ಯಾವುದಂತ ಗುರ್ತು ಸಿಗೂದಿಲ್ಲ.” ಅಪ್ಪ ಕೊರಳು ಎತ್ತಿದರು, ನಾನು ಕೊನೆಯ ಗುಂಡಿ ಹಾಕಿದೆ. “ಒಂದು ಕೇಳ್ಲೇನು ದಾನ್ಯಾ? ನೀ ನಂಬಾವ ಅಲ್ಲ. ನಿನಗ್ಯಾಕ ಇಷ್ಟು ಉರಿ?”

ನನ್ನ ಹೆಸರು ದಾನಿಯೇಲ. ದಾನ್ಯಾ ಎಂದು ಅಪ್ಪ ಕರೆದರೆ ನಾನು ಇನ್ನೂ ಚಡ್ಡಿ ಹಾಕುವ ವಯಸ್ಸಿನವನಂತೆ ಆಗುತ್ತಿದ್ದೆ. ನೀರಿನ ಕೊಡ ಎತ್ತಿಕೊಂಡು ಹೊರಗೆ ಹೋದೆ.

ಉರಿ ಸುವಾರ್ತಾಳೊಬ್ಬಳಿಗಾಗಿಯೇ ಆಗಿರಲಿಲ್ಲ. ಪ್ರಭು ಆಗಾಗ ಹೊಲದಿಂದ ಎಳೆ ಜೋಳದ ಸೀತನಿ ತೆನೆ ತಂದು, ನಮ್ಮ ಕಟ್ಟೆಯ ಮುಂದೆ ಸುಟ್ಟು, ಬಡಿದು, ಕೇರಿ, ಬಿಸಿ ಕಾಳನ್ನು ಅಪ್ಪನ ಎಡಗೈಗೆ ಹಾಕುತ್ತಿದ್ದ. ಇಬ್ಬರೂ ಕೂತು ಲಾರಿಯ ಕತೆ, ರಸ್ತೆಯ ಕತೆ ಹೇಳಿಕೊಂಡು ನಗುತ್ತಿದ್ದರು. ಅಪ್ಪನಿಗೆ ನಗುವಾಗ ಕಾಳು ನೆತ್ತಿಗೆ ಹತ್ತುತ್ತಿತ್ತು. ಚಾಪೆಯ ಮೇಲೆ ಕೂರಿಸಿದವರು ಅವರು, ಕೂತವನು ಅವನು. ಆ ನಗುವಿನ ಪಾಲು ಮಾತ್ರ ನನಗಿಲ್ಲ. ಹುಟ್ಟಿದಾಗಿನಿಂದ ಧಾರವಾಡಕ್ಕೆ ಹೋಗುವತನಕ ಒಂದು ಭಾನುವಾರವೂ ತಪ್ಪಿಸದೆ ಮೊದಲ ಸಾಲಿನಲ್ಲಿ ಕೂತವನು ನಾನು. ಹುಡುಗನಿದ್ದಾಗ ಸಿನಿಮಾ ಇಲ್ಲ, ಬಣ್ಣದಾಟ ಇಲ್ಲ, ಗೆಳೆಯರ ಮನೆಯ ಹಬ್ಬದೂಟ ಇಲ್ಲ. ಎಲ್ಲವನ್ನೂ ಪಾಲಿಸಿದ್ದೆ. ಪಾಲಿಸಿದ್ದಕ್ಕೆ ಯಾರೂ ನನ್ನ ಮುಂದೆ ಕೂತು ನಕ್ಕಿರಲಿಲ್ಲ.

ಇನ್ನೊಂದು ಸಂಗತಿಯಂತೂ ನನ್ನನ್ನು ನಿಜವಾಗಿ ತಿಂದಿತು. ಭಾನುವಾರ ಸುವಾರ್ತಾ ಮುಂದೆ ನಿಂತು ಹಾಡು ಎತ್ತಿಕೊಡುತ್ತಿದ್ದಳು. ಸಭೆಯೆಲ್ಲ ಅವಳ ಹಿಂದೆ. ಪ್ರಭುವಿನ ದನಿ ಬಾಗಿಲ ಕಡೆಯಿಂದ, ತಗ್ಗಿನಲ್ಲಿ, ನೆಲಕ್ಕೆ ಅಂಟಿಕೊಂಡು ಬರುತ್ತಿತ್ತು. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಅವಳ ಶ್ರುತಿ ತಾನಾಗಿ ಅವನ ಕಡೆಗೆ ಇಳಿದಿರುತ್ತಿತ್ತು. ಪಕ್ಕದಲ್ಲೇ ಇದ್ದ ನನ್ನ ದನಿ ಇಬ್ಬರಿಗೂ ಬೇಕಿರಲಿಲ್ಲ. ಹಾಡು ಮುಗಿದು ಬಟ್ಟಲು ಹಂಚುವ ಹೊತ್ತಿಗೆ ಅವನು ತಲೆ ತಗ್ಗಿಸಿ ಕೂರುತ್ತಿದ್ದ. ಒಮ್ಮೆ ನೋಡಿದೆ. ಅವನ ಕಣ್ಣು ಒದ್ದೆಯಾಗಿತ್ತು. ನಾನು ಪ್ರತಿ ತಿಂಗಳು ಕುಡಿಯುತ್ತಿದ್ದುದು ಒಣದ್ರಾಕ್ಷಿಯ ನೀರು. ಅವನಿಗೆ ಸಿಗದೆ ಹೋದದ್ದು ಬೇರೆ ಏನೋ. ಇಲ್ಲ ಎಂದು ನಾನು ಸಾಧಿಸಿದ್ದರ ಅಗಲಿಕೆಗೆ ಒಬ್ಬ ಅಳುತ್ತಿದ್ದ. ಅಂಥ ನಷ್ಟ ನನಗೂ ಇರಬೇಕಿತ್ತು ಅನ್ನಿಸಿ ಮೈ ಉರಿಯಿತು.

ಸುಗ್ಗಿ ಕಾಣಿಕೆಯ ಭಾನುವಾರ ಬಂತು. ಜೋಳದ ದಂಟುಗಳನ್ನು ಬಾಗಿಲಿಗೆ ಕಟ್ಟಿದ್ದರು. ಮುಂದೆ ತೊಗರಿ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ. ಹರಾಜಿಗೆ ಕಾದಿದ್ದ ಕೋಳಿಯೊಂದು ಅಪ್ಪನ ಪ್ರಸಂಗದುದ್ದಕ್ಕೂ ಕೂಗಿ ಹೆಂಗಸರನ್ನು ನಗಿಸಿತು. ಪ್ರಭು ಚಾಪೆಯ ಮೇಲೆಯೇ ಇದ್ದ. ತಪ್ಪಾಯಿತು ಅಂದಿರಲಿಲ್ಲ. ಮುಂದೆ ನಿಂತ ಸುವಾರ್ತಾಳ ಮುಖ ಸುಣ್ಣದ ಗೋಡೆಯ ಹಾಗಿತ್ತು. ಇನ್ನು ಸ್ವಲ್ಪ ಹೊತ್ತು ಕಳೆದರೆ ಗಡುವು ಮುಗಿಯುತ್ತದೆ ಎಂದು ನಾನು ತಟ್ಟೆ ಹಿಡಿದು ಎಣಿಸುತ್ತಿದ್ದೆ.

ನನ್ನ ನೆನಪಿನಲ್ಲಿ ಮುಂದಿನದು ಹೀಗಿದೆ. ಜಮಖಾನೆಯ ಕೊನೆಯ ಸಾಲು ಮುಗಿಯಿತು. ತಟ್ಟೆಯಲ್ಲಿ ಒಂದು ಚೂರು ರೊಟ್ಟಿ, ಒಂದು ಬಟ್ಟಲು ಉಳಿದಿತ್ತು. ಅಪ್ಪ ನಿಂತರು. ಸಭೆಯನ್ನು ಒಮ್ಮೆ ನೋಡಿದರು. ನನ್ನ ಕೈಯಿಂದ ತಟ್ಟೆ ತೆಗೆದುಕೊಂಡರು. ಬಾಗಿಲ ಚಾಪೆಯವರೆಗೆ ನಡೆದು ಹೋಗಿ ಪ್ರಭುವಿನ ಮುಂದೆ ಬಾಗಿದರು. ಹಿರಿಯರ ಸಾಲಿನಲ್ಲಿ ಯಾರೋ “ಪಾಸ್ಟರ್ರೇ!” ಎಂದರು. ಪ್ರಭು ಕುಡಿದ. ಸುವಾರ್ತಾ ಹೇಳದೆ ಕೇಳದೆ ಹಾಡು ಎತ್ತಿದಳು.

ಅದೇ ಸಂಜೆ ನಾನು ಕಲಬುರಗಿಯ ಬಸ್ಸು ಹತ್ತಿದೆ. ಹೋದ ಮೇಲೆ ಜ್ವರ ಬಂದು ಗೆಳೆಯನ ಕೋಣೆಯಲ್ಲಿ ಮಲಗಿದೆ. ಊರಿನಿಂದ ಬಂದವರೆಲ್ಲ ಒಂದೇ ಸುದ್ದಿ ತಂದರು. ಪಾಸ್ಟರ್ ಕಟ್ಟಳೆ ಮುರಿದರು, ಮೇಲಿನವರಿಗೆ ದೂರು ಹೋಯಿತು, ರಸ ಕುಡಿದವನು ಒಳಗೆ ಬಂದ ಹಾಗೆಯೇ ಎಂದು ಸಮುವೇಲಪ್ಪನವರು ಒಪ್ಪಿ ಸುವಾರ್ತಾಳಿಗೂ ಪ್ರಭುವಿಗೂ ಮದುವೆ ಆಯಿತು, ಪಾಸ್ಟರ್‌ಗೆ ವರ್ಗ ಆಯಿತು.

ವರ್ಗವಾದದ್ದು ಬಳಿಚಕ್ರದ ಆಚೆ ಒಂದು ಸಣ್ಣ ಹಳ್ಳಿಗೆ. ತಗಡಿನ ಮನೆ, ಬೆರಳೆಣಿಕೆಯ ಕುಟುಂಬ. ಸಾಮಾನು ಸಾಗಿಸಲು ನಾನು ರಂಗಂಪೇಟೆಗೆ ಬಂದೆ. ಬಾಗಿಲಲ್ಲಿ ನಿಂತಿದ್ದುದು ಪ್ರಭುವಿನ ಲಾರಿ! ಅಪ್ಪನ ಪ್ಲಾಸ್ಟರ್ ಬಿಚ್ಚಿದ್ದರು. ಕೈ ತೆಳ್ಳಗೆ, ಬಣ್ಣಗೆಟ್ಟು, ಬೇರೆಯವರದ್ದರ ಹಾಗೆ ಕಾಣುತ್ತಿತ್ತು. ಆ ಕೈಯಿಂದಲೇ ಅವರು ಕಬ್ಬಿಣದ ಟ್ರಂಕಿನ ಒಂದು ತುದಿ ಹಿಡಿದು ನಿಂತಿದ್ದರು.

“ನಿಮ್ಮ ಕೃಪಾದ ಸಾಮಾನು ಇದು ಅಪ್ಪ. ಭಾಳ ಭಾರ ಅದ,” ಅಂದೆ.

ಅಪ್ಪ ನನ್ನನ್ನು ಬಹಳ ಹೊತ್ತು ನೋಡಿದರು. ಏನೋ ಹೇಳಲಿದ್ದವರು ಬಿಟ್ಟರು. “ಭಾರ ಅದ ಖರೆ. ನೀ ಒಂದು ತುದಿ ಹಿಡಿ,” ಅಂದರು.

ನನಗೆ ನೆನಪಿರುವಂತೆ ನಾನು ಕೈಕಟ್ಟಿ ನಿಂತೆ. ಪ್ರಭು ಲಾರಿಯಿಂದ ಧುಮುಕಿ ಬಂದು ಆ ತುದಿ ಹಿಡಿದ.

ಇದನ್ನು ನಾನು ತರಗತಿಗಳಲ್ಲಿ ಉದಾಹರಣೆಯಾಗಿ ಹೇಳಿದ್ದೇನೆ. ನಿಯಮ ಮುರಿದು ದಯೆ ತೋರಿದವನೊಬ್ಬ, ಅದರ ದಂಡ ತೆತ್ತ ಅವನ ಮನೆಯವರು, ನ್ಯಾಯ ಯಾವ ಕಡೆ? ಹುಡುಗರು ವಾದ ಮಾಡುತ್ತಿದ್ದರು. ನಾನು ಯಾವ ಕಡೆಯೂ ಸೇರದವನಂತೆ ನಿಂತಿರುತ್ತಿದ್ದೆ.

ಶಹಾಪುರದ ಆ ಅಡುಗೆಮನೆಯಲ್ಲಿ, ಸುವಾರ್ತಾ ರಸವನ್ನು ಬಿಳಿ ಬಟ್ಟೆಯಲ್ಲಿ ಸೋಸುತ್ತಿರುವಾಗ, ಅದೇ ಕತೆ ನನ್ನ ಬಾಯಿಗೆ ಬಂತು. ಅಪ್ಪ ಅವತ್ತು ಹಾಗೆ ನಡೆದು ಹೋಗದಿದ್ದರೆ ನೀನು ಇಲ್ಲಿ ರಸ ಕಾಸುತ್ತಿರಲಿಲ್ಲ ಅಂದೆ. ನಗಿಸಲೆಂದೇ ಅಂದದ್ದು. ಅದರೊಳಗಿನ ಮುಳ್ಳು ನನಗೊಬ್ಬನಿಗೇ ಗೊತ್ತು.

ಅವಳು ಬಟ್ಟೆ ಹಿಂಡುವುದನ್ನು ನಿಲ್ಲಿಸಿದಳು.

“ಪಾಸ್ಟರ್ ಕಾಕಾ ಎಲ್ಲಿ ನಡದರು? ನೀವ ಹೋದ್ರಲ್ಲ ಅಣ್ಣ.”

“ಯಾರು?”

“ನೀವ್. ಕಾಕಾ ಮುಂದ ನಿಂತಾವ್ರು ನಿಂತೇ ಇದ್ರು. ನೀವ ತಟ್ಟಿ ಹಿಡಕೊಂಡು ಸೀದಾ ಚಾಪಿಗೆ ಹೋದ್ರಿ. ನಾ ಮುಂದ ನಿಂತಿದ್ದೆ, ಎಲ್ಲಾ ನೋಡೀನಿ.”

“ಸುಮ್ನಿರು ಸುವಾರ್ತಾ. ನನಗ ಛಲೋ ನೆನಪದ. ಅಪ್ಪ ನನ್ನ ಕೈಯಾಗಿಂದ ತಟ್ಟಿ ಇಸಕೊಂಡು...”

“ಯಾವ ಕೈಲೇ ಇಸಕೊಂಡರು? ಒಂದು ಕೈ ಪ್ಲಾಸ್ಟರಿನ್ಯಾಗಿತ್ತು. ಹಿತ್ತಾಳಿ ತಟ್ಟಿ ಒಂದ ಕೈಲೇ ಎತ್ತಾಕ ಆಗ್ತಿತ್ತೇನು?”

ಎಷ್ಟು ವರ್ಷ ಆ ಕತೆ ಹೇಳಿದ್ದೆ! ಪ್ಲಾಸ್ಟರನ್ನೂ ಹೇಳಿದ್ದೆ, ತಟ್ಟೆಯ ಭಾರವನ್ನೂ ಹೇಳಿದ್ದೆ. ಎರಡನ್ನೂ ಒಂದು ಕಡೆ ಇಟ್ಟು ನೋಡಿರಲಿಲ್ಲ, ತರಗತಿಯ ಒಬ್ಬ ಹುಡುಗನೂ ಕೇಳಿರಲಿಲ್ಲ.

“ಅಪ್ಪ ಕಣ್ಣಿನ್ಯಾಗ ಸನ್ನಿ ಮಾಡಿರಬೇಕು. ಅದಕ್ಕ ಹೋಗಿರಬೇಕು ನಾನು.”

“ಸನ್ನಿ ಇಲ್ಲ ಏನಿಲ್ಲ. ಕಾಕಾಗೂ ಗಾಬರಿ ಆಗಿತ್ತು. ಮರುವಾರ ಹಿರಿಯರು ಕುಂತು, ಪಾಸ್ಟರ್ರ, ಹುಡುಗ ಮಾಡಿದ್ದಕ್ಕ ದೂರಿನ್ಯಾಗ ಹುಡುಗನ ಹೆಸರೇ ಬರೀತೀವಿ, ನಿಮಗೇನೂ ಆಗೂದಿಲ್ಲ ಅಂದ್ರಂತ. ನಮ್ಮಪ್ಪನೂ ಅಲ್ಲೇ ಇದ್ದ, ಬಂದು ಮನಿಯಾಗ ಹೇಳಿದ. ಕಾಕಾ ಏನಂದ್ರು ಗೊತ್ತೇನ್ರಿ? ಕೈ ಮುರದದ್ದು ನಂದು, ಅವ ನನ್ನ ಕೈ ಆಗಿ ನಿಂತಾನ, ಹಂಗಾಗಿ ಅವ ಕೊಟ್ಟದ್ದು ನಾ ಕೊಟ್ಟಂಗ. ಬರೀರಿ ನನ್ನ ಹೆಸರು, ಅಂದ್ರಂತ. ದಾನ್ಯಾಗ ಯಾರೂ ಈ ಮಾತು ಎತ್ತಬ್ಯಾಡ್ರಿ ಅಂತನೂ ಅಂದಿದ್ರು. ಮುಂದ ನಿಮಗ ಅವರೇ ಹೇಳಿರಬೇಕು ಅಂತ ನಾವು ತಿಳಕೊಂಡಿದ್ವಿ.”

ಹೊರಗೆ ಲಾರಿ ನಿಂತ ಸದ್ದಾಯಿತು. ಪ್ರಭು ಒಳಗೆ ಬಂದ. ಕೂದಲು ಹಣ್ಣಾಗಿದೆ, ಹೊಟ್ಟೆ ಬಂದಿದೆ. ದನಿ ಮಾತ್ರ ಹಾಗೆಯೇ, ನೆಲಕ್ಕೆ ಅಂಟಿಕೊಂಡು ಬರುತ್ತದೆ.

“ಏನಪಾ ಪ್ರೊಫೆಸರಾ! ಯಾಕ ಹಿಂಗ ಕುಂತಿ? ಇಕಿ ಚಾ ಕೊಡ್ಲಿಲ್ಲೇನು?”

“ಪ್ರಭು, ಖರೇ ಹೇಳು. ಅವತ್ತು ಚಾಪಿ ತನಕ ತಟ್ಟಿ ತಂದಾವ್ರು ಯಾರು?”

ಅವನು ಹೆಂಡತಿಯನ್ನು ನೋಡಿದ, ನನ್ನನ್ನು ನೋಡಿದ, ದೊಡ್ಡದಾಗಿ ನಕ್ಕ. “ನೀನೇ ಮಾರಾಯ. ಅದೂ ಎಂಥಾ ಮಾರಿ ಮಾಡ್ಕೊಂಡಿದ್ದಿ! ಜಪ್ತಿ ಮಾಡಾಕ ಬಂದಾವನಂಗ ನಿಂತಿದ್ದಿ. ಹಲ್ಲು ಕಚ್ಚಿ, ‘ತಗೋ ಲೇ’ ಅಂದಿ. ನನಗ ಅಂಜಿಕಿ ಬಂತು, ಬ್ಯಾಡ ಅಂದ್ರ ಬಡದೇ ಬಿಡ್ತಾನ ಅಂತ ಗಟಗಟ ಕುಡದೆ.”

ಸುವಾರ್ತಾ ಸೆರಗು ಬಾಯಿಗೆ ಹಚ್ಚಿ ನಕ್ಕಳು. ನನಗೂ ನಗು ಬಂತು. ಹಲ್ಲು ಕಚ್ಚಿದ್ದೆನಂತೆ. ಹಾಗಾದರೆ ಹೊಟ್ಟೆಕಿಚ್ಚಿನ ನೆನಪೊಂದು ಸರಿಯೇ.

ಇಬ್ಬರೂ ಸೇರಿ ಇಷ್ಟು ವರ್ಷ ಹೇಳಿಕೊಂಡು ಹೇಳಿಕೊಂಡು ತಮ್ಮದೊಂದು ಕತೆ ಕಟ್ಟಿಕೊಂಡಿರಬಹುದು. ಗಂಡ ಹೆಂಡತಿಯ ನೆನಪುಗಳು ಒಂದನ್ನೊಂದು ತಿದ್ದುತ್ತವೆ, ಅದನ್ನೂ ನಾನೇ ಪಾಠ ಮಾಡಿದ್ದೇನೆ. ಆದರೆ ಆ ತಟ್ಟೆಯ ತೂಕವನ್ನು ಯಾವ ಪಾಠದಿಂದ ಇಳಿಸಲಿ? ಯಾಕೆ ಹೋದೆ ಎಂದು ಎಷ್ಟು ಹುಡುಕಿದರೂ ನನ್ನೊಳಗೆ ಕಾರಣ ಸಿಗುವುದಿಲ್ಲ. ಹೋದವನು ಯಾರೋ ಬೇರೆಯವನು. ನನಗಿಂತ ಒಳ್ಳೆಯವನು, ಅಪ್ಪ ತಮ್ಮ ಕೈ ಎಂದು ಒಪ್ಪಿಕೊಂಡವನು. ಈಗ ನನಗೆ ಅವನ ಮೇಲೆ ಹೊಟ್ಟೆಕಿಚ್ಚು.

“ರುಚಿ ನೋಡ್ರಿ ಅಣ್ಣ, ಸಕ್ಕರಿ ಸಾಕೇನು?” ಎಂದು ಸುವಾರ್ತಾ ಸಣ್ಣ ಬಟ್ಟಲಲ್ಲಿ ಬಿಸಿ ರಸ ಕೊಟ್ಟಳು. ಕುಡಿದೆ. ಸಾಕು ಅಂದೆ.

ಕಲಬುರಗಿಯ ರೈಲು ಹಿಡಿಯಲು ಯಾದಗಿರಿಯ ಬಸ್ಸು ಹತ್ತಿದಾಗ ಇನ್ನೂ ಬೆಳಕಿತ್ತು. ಕಿಟಕಿಯಾಚೆ ಶಹಾಪುರದ ಗುಡ್ಡ ಮನುಷ್ಯನ ಹಾಗೆ ಅಂಗಾತ ಮಲಗಿತ್ತು. ನನಗೆ ನೆನಪಾದದ್ದು ಟ್ರಂಕು. ನಿಮ್ಮ ಕೃಪೆಯ ಸಾಮಾನು ಎಂದಾಗ ಅಪ್ಪ ನನ್ನನ್ನು ಅಷ್ಟು ಹೊತ್ತು ನೋಡಿದ್ದು ಯಾಕೆಂದು ಈಗ ಗೊತ್ತು. ನೀ ಒಂದು ತುದಿ ಹಿಡಿ ಎಂದರು. ನಾನು ಕೈಕಟ್ಟಿ ನಿಂತೆ, ಪ್ರಭು ಬಂದು ಹಿಡಿದ. ಹಾಗೆ ನನಗೆ ನೆನಪು, ಬಹಳ ಸ್ಪಷ್ಟವಾಗಿ. ಲಾರಿ ಪ್ರಭುವಿನದೇ, ಫೋನು ಮಾಡಿದರೆ ಹೇಳುತ್ತಾನೆ. ಫೋನು ಕೈಗೆ ತೆಗೆದುಕೊಂಡೆ. ಆಮೇಲೆ ಜೇಬಿಗೇ ಹಾಕಿದೆ. ಅಷ್ಟು ಸ್ಪಷ್ಟವಾದ ಆ ನೆನಪೂ ತಪ್ಪಾಗಿರಲಿ ಎಂದು, ಯಾರನ್ನು ಕೇಳಿಕೊಳ್ಳುತ್ತಿದ್ದೇನೆಂದು ತಿಳಿಯದೆ, ಕೇಳಿಕೊಂಡೆ.